ರೋಗದ ಪ್ರೋಟೀನಿಗೆ ಕೋಶದೊಳಗೇ ಅಂತ್ಯ

ಕ್ಯಾನ್ಸರ್ ಕೋಶದ ನಿರ್ದಿಷ್ಟ ಪ್ರೋಟೀನನ್ನು ಗುರಿಯಾಗಿಸಿಕೊಂಡ ಮಾತ್ರೆಗಳಲ್ಲಿ ಬಹುಪಾಲು ಆ ಪ್ರೋಟೀನನ್ನು ತಡೆಹಿಡಿಯುತ್ತವೆ, ನಾಶಮಾಡುವುದಿಲ್ಲ. ಪ್ರೋಟೀನಿನ ಮೈಮೇಲಿನ ಕುಳಿಯೊಂದರಲ್ಲಿ ಔಷಧದ ಅಣು ಕೂತಿರುವಷ್ಟು ಹೊತ್ತು ಅದರ ಚಟುವಟಿಕೆ ನಿಲ್ಲುತ್ತದೆ. ಅಣು ಕಳಚಿಕೊಂಡರೆ ಮತ್ತೆ ಶುರುವಾಗುತ್ತದೆ. ಹಾಗಾಗಿ ದೇಹದಲ್ಲಿ ಔಷಧದ ಪ್ರಮಾಣ ಸದಾ ಹೆಚ್ಚಾಗಿಯೇ ಇರಬೇಕು. ಸರಿಯಾದ ಕುಳಿಯೇ ಇಲ್ಲದ ಪ್ರೋಟೀನುಗಳಿಗಂತೂ ಈ ಉಪಾಯ ನಾಟುವುದೇ ಕಷ್ಟ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಕ್ರೇಗ್ ಕ್ರೂಸ್ ಎರಡು ದಶಕಕ್ಕೂ ಹೆಚ್ಚು ಕಾಲದಿಂದ ಬೆಳೆಸಿರುವ ಸಂಶೋಧನೆ ಬೇರೆ ದಾರಿಯದು: ಬೇಡದ ಪ್ರೋಟೀನನ್ನು ಕೋಶದ ಕೈಯಿಂದಲೇ ಮುಗಿಸುವುದು.

ಅದಕ್ಕೆ ಬೇಕಾದ ಏರ್ಪಾಡು ಕೋಶದಲ್ಲಿ ಮೊದಲೇ ಇದೆ. ಕೆಟ್ಟುಹೋದ, ಕೆಲಸ ಮುಗಿದ ಪ್ರೋಟೀನುಗಳಿಗೆ ಯುಬಿಕ್ವಿಟಿನ್ ಎಂಬ ಪುಟ್ಟ ಪ್ರೋಟೀನು ಸರಪಳಿಯಾಗಿ ಅಂಟಿಕೊಳ್ಳುತ್ತದೆ. ಆ ಗುರುತು ಬಿದ್ದ ಪ್ರೋಟೀನನ್ನು ಪ್ರೋಟಿಯಸೋಮ್ ಎಂಬ ಕೋಶದ ಯಂತ್ರ ಒಳಗೆಳೆದುಕೊಂಡು ತುಂಡರಿಸುತ್ತದೆ. ಯಾವುದಕ್ಕೆ ಗುರುತು ಬೀಳಬೇಕೆಂದು ಆರಿಸುವುದು ಇ3 ಲೈಗೇಸ್ ಎಂಬ ಕಿಣ್ವಗಳ ಗುಂಪು. ಮನುಷ್ಯರಲ್ಲಿ ಇವು ಸುಮಾರು 600 ಬಗೆ. ಯುಬಿಕ್ವಿಟಿನ್ ವ್ಯವಸ್ಥೆಯನ್ನು ಬಿಡಿಸಿ ತೋರಿಸಿದ ಏರನ್ ಚೆಖನೋವರ್, ಅವ್ರಾಮ್ ಹೆರ್ಷ್ಕೊ ಮತ್ತು ಇರ್ವಿನ್ ರೋಸ್ ಅವರಿಗೆ 2004ರ ರಸಾಯನಶಾಸ್ತ್ರದ ನೊಬೆಲ್ ಸಂದಿತು.

ಕ್ರೂಸ್ ಮತ್ತು ಆಗ ಕ್ಯಾಲ್‌ಟೆಕ್‌ನಲ್ಲಿದ್ದ ರೇಮಂಡ್ ಡೆಷೇಸ್ 2001ರಲ್ಲಿ ಎರಡು ತುದಿಗಳ ಅಣುವೊಂದನ್ನು ಪ್ರಕಟಿಸಿದರು. ಒಂದು ತುದಿ ಗುರಿಯ ಪ್ರೋಟೀನನ್ನು ಹಿಡಿಯುತ್ತದೆ, ಇನ್ನೊಂದು ಇ3 ಲೈಗೇಸನ್ನು ಎಳೆತರುತ್ತದೆ. ಎರಡೂ ಹತ್ತಿರ ಬಂದೊಡನೆ ಗುರುತು ಬೀಳುತ್ತದೆ. ಇಂಥ ಅಣುಗಳಿಗೆ ಪ್ರೋಟ್ಯಾಕ್ ಎಂದು ಹೆಸರು. ಸಂಬಂಧ ಕುದುರಿಸಿದ ದಲ್ಲಾಳಿ ಮುಂದಿನ ಮನೆಗೆ ಹೊರಡುವಂತೆ, ಪ್ರೋಟೀನು ನಾಶವಾದ ಮೇಲೆ ಅದೇ ಅಣು ಮತ್ತೊಂದನ್ನು ಹುಡುಕಿ ಹೊರಡುತ್ತದೆ. ಈ ವಿಧಾನದ ನಿಜವಾದ ಬಲ ಇಲ್ಲಿದೆ. ಅಣು ಬಹಳ ಹೊತ್ತು ಕೂತಿರಬೇಕಿಲ್ಲ, ಪ್ರೋಟೀನಿನ ಕೆಲಸವನ್ನು ತಾನೇ ತಡೆಯಬೇಕಿಲ್ಲ. ಎಲ್ಲಾದರೊಂದು ಕಡೆ ಹಿಡಿದುಕೊಂಡರೆ ಸಾಕು.

ಮೊದಲ ಅಣು ಔಷಧವಾಗುವಂಥದ್ದೇನೂ ಆಗಿರಲಿಲ್ಲ. ಅದರಲ್ಲಿ ಪೆಪ್ಟೈಡ್ ಭಾಗವಿದ್ದುದರಿಂದ ಕೋಶದೊಳಗೆ ನುಸುಳುವುದು ಕಷ್ಟವಿತ್ತು; ಪ್ರಯೋಗ ನಡೆದದ್ದು ಕಪ್ಪೆಯ ಮೊಟ್ಟೆಯ ಸಾರದಲ್ಲಿ. ಪೂರ್ತಿ ಸಣ್ಣ ಅಣುಗಳಿಂದಲೇ ಕಟ್ಟಿದ ಪ್ರೋಟ್ಯಾಕ್ 2008ರಲ್ಲಿ ಬಂತು. ಈ ನಡುವೆ ಕ್ರೂಸ್ ಪ್ರಯೋಗಾಲಯದ ಇನ್ನೊಂದು ಕೆಲಸ ಕಾರ್ಫಿಲ್ಜೋಮಿಬ್ ಎಂಬ ಔಷಧಕ್ಕೆ ದಾರಿಮಾಡಿತು. ಮಲ್ಟಿಪಲ್ ಮೈಲೋಮಾ ಎಂಬ ರಕ್ತದ ಕ್ಯಾನ್ಸರ್‌ಗೆ ಅಮೆರಿಕದಲ್ಲಿ 2012ರಲ್ಲಿ ಒಪ್ಪಿಗೆ ಪಡೆದ ಈ ಔಷಧ ಪ್ರೋಟಿಯಸೋಮನ್ನೇ ಕಟ್ಟಿಹಾಕುತ್ತದೆ. ಒಂದೇ ಯಂತ್ರವನ್ನು ನಿಲ್ಲಿಸುವುದನ್ನೂ ದುಡಿಸಿಕೊಳ್ಳುವುದನ್ನೂ ಒಂದೇ ಪ್ರಯೋಗಾಲಯ ಕಲಿತಿತ್ತು.

ಪ್ರೋಟ್ಯಾಕ್‌ಗಳಿಗೆ ದೊಡ್ಡ ನೆರವು ಬಂದದ್ದು ಥಾಲಿಡೊಮೈಡ್‌ನಿಂದ. ಗರ್ಭಿಣಿಯರು ಸೇವಿಸಿ ಸಾವಿರಾರು ಶಿಶುಗಳು ಅಂಗವೈಕಲ್ಯದೊಂದಿಗೆ ಹುಟ್ಟಿದ್ದರಿಂದ 1961ರಲ್ಲಿ ಜರ್ಮನಿಯಲ್ಲಿ ಹಿಂತೆಗೆದುಕೊಂಡ ಔಷಧವದು. ಅದು ಸೆರೆಬ್ಲಾನ್ ಎಂಬ ಪ್ರೋಟೀನಿಗೆ ಅಂಟುತ್ತದೆಂದು ಜಪಾನಿನ ಹಿರೋಶಿ ಹಾಂಡಾ ತಂಡ 2010ರಲ್ಲಿ ತೋರಿಸಿತು. ಸೆರೆಬ್ಲಾನ್ ಒಂದು ಇ3 ಲೈಗೇಸಿನ ಭಾಗ. ಥಾಲಿಡೊಮೈಡ್ ಕುಲದ ಅಣುಗಳನ್ನು ಪ್ರೋಟ್ಯಾಕಿನ ಒಂದು ತುದಿಯಾಗಿ ಬಳಸಲು ಇದರಿಂದ ಸಾಧ್ಯವಾಯಿತು.

ತೊಡಕುಗಳು ಉಳಿದಿವೆ. ಪ್ರೋಟ್ಯಾಕ್‌ಗಳು ಸಾಮಾನ್ಯ ಮಾತ್ರೆಯ ಅಣುಗಳಿಗಿಂತ ದೊಡ್ಡವು, ಕರುಳಿನಿಂದ ರಕ್ತ ಸೇರುವುದು ಸುಲಭವಲ್ಲ. ಪ್ರಮಾಣ ಮಿತಿಮೀರಿದರೆ ಗುರಿಯ ಪ್ರೋಟೀನೂ ಲೈಗೇಸೂ ಬೇರೆ ಬೇರೆ ಪ್ರೋಟ್ಯಾಕ್ ಅಣುಗಳಿಂದ ತುಂಬಿಹೋಗಿ ನಾಶದ ಕೆಲಸ ಕುಗ್ಗುತ್ತದೆ. 600 ಲೈಗೇಸುಗಳಿದ್ದರೂ ಹೆಚ್ಚಾಗಿ ಬಳಕೆಯಾಗಿರುವುದು ಸೆರೆಬ್ಲಾನ್ ಮತ್ತು ವಿಎಚ್‌ಎಲ್ ಎಂಬ ಎರಡೇ.

ಕ್ರೂಸ್ 2013ರಲ್ಲಿ ಸ್ಥಾಪಿಸಿದ ಆರ್ವಿನಾಸ್ ಕಂಪನಿ 2019ರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ರೋಗಿಗಳ ಮೇಲೆ ಪ್ರೋಟ್ಯಾಕ್ ಪ್ರಯೋಗ ಆರಂಭಿಸಿತು. ಸ್ತನ ಕ್ಯಾನ್ಸರ್‌ನಲ್ಲಿ ಈಸ್ಟ್ರೊಜೆನ್ ಗ್ರಾಹಕವನ್ನು ನಾಶಮಾಡುವ ಅದರ ವೆಪ್ಡೆಜೆಸ್ಟ್ರಾಂಟ್ ಮಾತ್ರೆಯ ಮೂರನೇ ಹಂತದ ಫಲಿತಾಂಶ 2025ರಲ್ಲಿ ಹೊರಬಿತ್ತು. ಇಎಸ್‌ಆರ್1 ಜೀನಿನಲ್ಲಿ ರೂಪಾಂತರವಿದ್ದವರಲ್ಲಿ ರೋಗ ಉಲ್ಬಣಿಸದೆ ಉಳಿದ ಮಧ್ಯಕ ಅವಧಿ 5 ತಿಂಗಳು; ಫುಲ್ವೆಸ್ಟ್ರಾಂಟ್ ಚುಚ್ಚುಮದ್ದು ಪಡೆದವರಲ್ಲಿ ಅದು 2.1 ತಿಂಗಳು. ಎಲ್ಲ ರೋಗಿಗಳನ್ನೂ ಒಟ್ಟಿಗೆ ತೆಗೆದುಕೊಂಡಾಗ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಇದು ಸದ್ಯಕ್ಕೆ ಎಲ್ಲರ ಔಷಧವಲ್ಲ, ಸರಿಯಾದ ಪರೀಕ್ಷೆಯಿಂದ ಗುರುತಿಸಿದ ರೋಗಿಗಳ ಔಷಧ.