ಜೀಪಿನ ಬೆನ್ನಿಗೊಂದು ಪೆಟ್ರೋಲ್ ಡಬ್ಬಿ

ದೆಹಲಿಯ ನಾವು ಬೇಸಿಗೆ ರಜೆ ಬಂದೊಡನೆ ಊರಿನ ರೈಲು ಹತ್ತುವವರು. ಕಳೆದ ಜೂನಿನಲ್ಲಿ ಮಾತ್ರ ನನ್ನ ಭಾವಮೈದುನ ಪೆಟ್ರೋಲ್ ಜೀಪೊಂದನ್ನು ಕೊಂಡವನೇ, “ಭಾವ, ಮನಾಲಿಯಿಂದ ಲೇಹ್‌ಗೆ ಹೋಗೋಣ” ಎಂದು ಪಟ್ಟುಹಿಡಿದ.

ಆ ದಾರಿಯಲ್ಲಿ ತಾಂಡಿ ಎಂಬಲ್ಲಿನ ಬಂಕಿನ ಫಲಕ ಪ್ರಸಿದ್ಧವಾದುದು. ಮುಂದಿನ ಬಂಕು 365 ಕಿಲೋಮೀಟರ್ ಎಂದು ಅದು ಬಹುಕಾಲ ಪ್ರಯಾಣಿಕರನ್ನು ಎಚ್ಚರಿಸುತ್ತ ಬಂದಿದೆ. ನಾವು ಆ ಲೆಕ್ಕವನ್ನೇ ಹಿಡಿದೆವು. ಜೀಪಿನ ಟ್ಯಾಂಕು 40 ಲೀಟರು. ಏರುದಾರಿಯಲ್ಲಿ ಲೀಟರಿಗೆ 8 ಕಿಲೋಮೀಟರ್. ಅಂದರೆ 46 ಲೀಟರು ಬೇಕು. ದಾರಿ ಕುಸಿದು ಕಾಯಬೇಕಾದರೆ ಇನ್ನಷ್ಟು.

“20 ಲೀಟರಿನ ಎರಡು ಕ್ಯಾನು ಸೀಟಿನ ಕೆಳಗಿಟ್ಟರಾಯಿತು” ಎಂದ ಭಾವಮೈದುನ.

“ಅಲ್ಲಿ ಮಗು ಮಲಗುತ್ತಲ್ಲೋ!” ಎಂದಳು ನನ್ನವಳು.

ಅವಳ ಮಾತೇ ಸರಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಸೋರಿದರೆ ನೆಲಮಟ್ಟದಲ್ಲೇ ತಂಗುತ್ತದೆ. ಕಾನೂನೂ ಅವಳ ಪಕ್ಷವೇ: ಪರವಾನಗಿಯಿಲ್ಲದೆ, ವಾಹನದ ಟ್ಯಾಂಕಿನ ಹೊರತಾಗಿ, ಪೆಟ್ರೋಲನ್ನು ಮನಬಂದಷ್ಟು ಒಯ್ಯುವಂತಿಲ್ಲ, ಲೋಹದ ಪಾತ್ರೆ 25 ಲೀಟರನ್ನು ಮೀರಬಾರದು. ಗುಮಾಸ್ತನಿಗೆ ಇಂಥ ನಿಯಮ ಸಿಕ್ಕರೆ ಬಿಡುತ್ತಾನೆಯೇ? ಎರಡು ಡಬ್ಬಿ ಒಂದಾಯಿತು.

ಮಾಡಿನ ಮೇಲೆ ಕಟ್ಟೋಣವೆಂದರೆ, 20 ಲೀಟರೆಂದರೆ ಡಬ್ಬಿ ಬಿಟ್ಟು 15 ಕಿಲೋ. ಓರೆದಾರಿಯಲ್ಲಿ ತಲೆಭಾರದ ಬಂಡಿ ಬೇಗ ಉರುಳುತ್ತದೆ. ಅಡಿಯಲ್ಲಿ ಇನ್ನೊಂದು ಟ್ಯಾಂಕು ಕೂಡಿಸುವುದು ವರ್ಷಕ್ಕೊಂದು ಪ್ರಯಾಣದವರಿಗೆ ದುಬಾರಿ. ಉಳಿದದ್ದು ಹಿಂಬದಿ, ಸ್ಟೆಪ್ನಿಯ ಪಕ್ಕ, ಕಬ್ಬಿಣದ ಚೌಕಟ್ಟಿನಲ್ಲಿ. ಹಿಂದಿನಿಂದ ಯಾರಾದರೂ ಗುದ್ದಿದರೆ ಅಪಾಯವೇ. ಆದರೂ ಒಳಗಿಡುವುದಕ್ಕಿಂತ ವಾಸಿಯೆನಿಸಿತು.

ಪ್ಲಾಸ್ಟಿಕ್ಕಿನ ನೀರಿನ ಕ್ಯಾನು ಬೇಡವೆಂದು ಉಕ್ಕಿನ ಜೆರ್ರಿಕ್ಯಾನನ್ನೇ ಕೊಂಡೆವು. ಇದು 1930ರ ದಶಕದ ಜರ್ಮನ್ ಸೈನ್ಯದ ಕೈವಾಡ. ‘ಜೆರ್ರಿ’ ಎಂಬುದು ಬ್ರಿಟಿಷ್ ಸಿಪಾಯಿಗಳು ಜರ್ಮನರಿಗಿಟ್ಟ ಅಡ್ಡಹೆಸರು. ಉತ್ತರ ಆಫ್ರಿಕದ ಮರಳುಗಾಡಿನಲ್ಲಿ ಬ್ರಿಟಿಷರ ತೆಳುತಗಡಿನ ಡಬ್ಬಿಗಳು ಸೋರಿ ಪೆಟ್ರೋಲು ಮರಳುಪಾಲಾದಾಗ, ಅವರು ಶತ್ರುವಿನಿಂದ ಕಸಿದ ಕ್ಯಾನುಗಳನ್ನೇ ಬಳಸಿದರು. ಕಡೆಗೆ ಅದರ ಮಾದರಿಯನ್ನೇ ನಕಲು ಮಾಡಿದರು. ಮೂರು ಹಿಡಿಗಳು ಏಕೆ ಬಲ್ಲಿರಾ? ತುಂಬಿದ್ದನ್ನು ಇಬ್ಬರು ಹಿಡಿಯಬಹುದು. ಖಾಲಿಯವನ್ನು ಒಬ್ಬನೇ ಕೈಗೆರಡರಂತೆ ನಾಲ್ಕು ಒಯ್ಯಬಹುದು. ಪಕ್ಕದ ತಗ್ಗುಗೆರೆಗಳು ಅಂದಕ್ಕಲ್ಲ, ಉಬ್ಬಲು ಎಡೆಮಾಡಿಕೊಡಲು.

ಆ ಉಬ್ಬು ಎಂಥದೆಂದು ದಾರಿಯಲ್ಲಿ ಕಂಡೆವು. ತಂಗ್‌ಲಾಂಗ್ ಲಾ ಕಣಿವೆ 5,328 ಮೀಟರ್ ಎತ್ತರ. ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟು. ಅದಕ್ಕೂ ಮೊದಲೇ, ಪಾಂಗ್‌ನಲ್ಲಿ ಕ್ಯಾನು ತಂಬೂರಿಯ ಬುರುಡೆಯಂತೆ ಬಿಗಿದಿತ್ತು. ಎಂಜಿನ್ ಆರಿಸಿ, ಮುಚ್ಚಳವನ್ನು ಮೆಲ್ಲಗೆ ಸಡಿಲಿಸಿ, ಆವಿ ಬಿಟ್ಟು, ಟ್ಯಾಂಕಿಗೆ ಸುರಿದೆವು.

“ಇನ್ನು ಖಾಲಿ ತಾನೇ, ಒಳಗಿಡಲೇ ಅಕ್ಕಾ?” ಎಂದ ಭಾವಮೈದುನ. ಅವಳು ಒಪ್ಪಲಿಲ್ಲ. ಖಾಲಿ ಡಬ್ಬಿಯಲ್ಲಿ ಉಳಿಯುವುದೂ ಆವಿಯೇ ಅಲ್ಲವೇ? ಮುಚ್ಚಳ ಬಿಗಿದು, ಮತ್ತೆ ಹಿಂಬದಿಗೇ ಕಟ್ಟಿದೆವು.