ಕಪ್ಪು ಕೊಳವೆಯ ಸಿಲಿಂಡರು

ಬ್ಯಾಂಕಿನ ಕಂಪ್ಯೂಟರ್ ಕೋಣೆ, ಲಿಫ್ಟಿನ ಮೋಟಾರ್ ಕೋಣೆ, ವಿದ್ಯುತ್ ಪ್ಯಾನೆಲ್ಲುಗಳ ಅಕ್ಕಪಕ್ಕ, ಹೀಗೆ ಗೋಡೆಗೆ ತೂಗುಹಾಕಿರುವ ಕೆಂಪು ಸಿಲಿಂಡರುಗಳಲ್ಲಿ ಒಂದು ಬಗೆಯದಕ್ಕೆ ಮಾತ್ರ ಅಗಲ ಬಾಯಿಯ ಕಪ್ಪು ಕೊಳವೆ ಇರುತ್ತದೆ. ಒತ್ತಡ ತೋರಿಸುವ ಮುಳ್ಳು ಇರುವುದಿಲ್ಲ. ಅದು ಬೆಂಕಿ ಆರಿಸಲೆಂದು ಇಂಗಾಲದ ಡೈಆಕ್ಸೈಡ್ ತುಂಬಿದ ಸಿಲಿಂಡರು. ದಿನವೂ ಅದರ ಮುಂದೆಯೇ ಓಡಾಡುವ ಬಹಳಷ್ಟು ಮಂದಿಗೆ ಅದು ಎಲ್ಲಿ ಕೆಲಸಕ್ಕೆ ಬರುತ್ತದೆ, ಎಲ್ಲಿ ಬರುವುದಿಲ್ಲ ಎಂದು ಯಾರೂ ಹೇಳಿಕೊಟ್ಟಿರುವುದಿಲ್ಲ. ಹೇಳಿಕೊಡಲೇಬೇಕಾದ ವಿಷಯ ಇದು.

ಮುಳ್ಳು ಯಾಕಿಲ್ಲ ಎಂಬಲ್ಲಿಂದಲೇ ಶುರು ಮಾಡಬಹುದು. ಅಡುಗೆ ಅನಿಲದ ಸಿಲಿಂಡರಿನ ಹಾಗೆ ಇದರಲ್ಲೂ ತಳದಲ್ಲಿ ದ್ರವ, ಮೇಲೆ ಅದರದೇ ಆವಿ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಳಗಿನ ಒತ್ತಡ ಸುಮಾರು 57 ಬಾರ್. ಅರ್ಧ ಖಾಲಿಯಾದರೂ ಒತ್ತಡ ಅಷ್ಟೇ ಇರುತ್ತದೆ. ದ್ರವದ ಕೊನೆಯ ಹನಿ ಮುಗಿಯುವವರೆಗೆ ಅದು ಇಳಿಯುವುದಿಲ್ಲ. ಹಾಗಾಗಿ ಇದನ್ನು ತೂಕ ಮಾಡಿಯೇ ಪರೀಕ್ಷಿಸಬೇಕು. ನಮ್ಮ ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಇನ್ನೊಂದು ವಿಚಿತ್ರ ನಡೆಯುತ್ತದೆ. 31 ಡಿಗ್ರಿ ದಾಟಿದರೆ ಇಂಗಾಲದ ಡೈಆಕ್ಸೈಡ್‌ಗೆ ದ್ರವ, ಅನಿಲ ಎಂಬ ಭೇದವೇ ಅಳಿಸಿಹೋಗುತ್ತದೆ, ಒತ್ತಡ ಸರಸರನೆ ಏರುತ್ತದೆ. ಮಿತಿ ಮೀರಿದರೆ ಒಡೆದುಕೊಂಡು ಅನಿಲವನ್ನು ಹೊರಬಿಡಲೆಂದೇ ಕವಾಟದಲ್ಲಿ ತೆಳು ಲೋಹದ ಬಿಲ್ಲೆಯೊಂದನ್ನು ಇಟ್ಟಿರುತ್ತಾರೆ. ಸಿಲಿಂಡರನ್ನು ಬಿಸಿಲಿಗೆ ಇಡಬಾರದು ಎನ್ನುವುದು ಇದಕ್ಕಾಗಿ.

ಪಿನ್ ಕಿತ್ತು ಹಿಡಿಯನ್ನು ಅದುಮಿದರೆ ಕಿವಿಗಡಚಿಕ್ಕುವ ಸದ್ದಿನೊಂದಿಗೆ ಬಿಳಿ ಮೋಡ ನುಗ್ಗುತ್ತದೆ. ಆ ಅನಿಲಕ್ಕೆ ಬಣ್ಣವಿಲ್ಲ. ಕಾಣುವ ಬಿಳುಪು, ಹಠಾತ್ತಾಗಿ ಹಿಗ್ಗಿ ತಣಿದು ಗಟ್ಟಿಯಾದ ಒಣ ಮಂಜಿನ ಪುಡಿ ಮತ್ತು ಹೆಪ್ಪುಗಟ್ಟಿದ ಗಾಳಿಯ ತೇವ. ಅಲ್ಲಿನ ಉಷ್ಣತೆ ಮೈನಸ್ 78 ಡಿಗ್ರಿ. ಬರಿಗೈಯಲ್ಲಿ ಕೊಳವೆಯ ಬಾಯನ್ನು ಹಿಡಿದರೆ ಚರ್ಮ ಸುಟ್ಟಂತೆ ಗಾಯವಾಗುತ್ತದೆ.

ಇಷ್ಟು ತಣ್ಣಗಿರುವುದರಿಂದಲೇ ಬೆಂಕಿ ಆರುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಲೆಕ್ಕ ಹಾಗೆ ಹೇಳುವುದಿಲ್ಲ. ಒಂದು ಕಿಲೋ ನೀರು ಆವಿಯಾಗುವಾಗ ಹೀರುವ ಶಾಖದ ಕಾಲುಭಾಗವನ್ನಷ್ಟೇ ಒಂದು ಕಿಲೋ ಒಣ ಮಂಜು ಹೀರುತ್ತದೆ. ಮುಖ್ಯ ಕೆಲಸ ನಡೆಯುವುದು ಗಾಳಿಯನ್ನು ತೆಳುಗೊಳಿಸುವುದರಿಂದ. ಗಾಳಿಯಲ್ಲಿ ಆಮ್ಲಜನಕ ಶೇ. 21ರಷ್ಟಿದೆ. ಅದನ್ನು ಪೂರ್ತಿ ತೆಗೆಯಬೇಕಿಲ್ಲ, ಶೇ. 14-15ಕ್ಕೆ ಇಳಿಸಿದರೆ ಸಾಕು, ಎಣ್ಣೆ, ಪೆಟ್ರೋಲಿನ ಜ್ವಾಲೆಗಳೂ ಸಾಮಾನ್ಯವಾಗಿ ನಿಲ್ಲುತ್ತವೆ. ಗಾಳಿಗಿಂತ ಒಂದೂವರೆ ಪಟ್ಟು ಭಾರವಾದ ಈ ಅನಿಲ ಬೆಂಕಿಯ ಬುಡದಲ್ಲೇ ಹರಡಿಕೊಳ್ಳುವುದು ಒಂದು ಅನುಕೂಲ. ಜೊತೆಗೆ, ಅಷ್ಟೇ ಪ್ರಮಾಣದ ಸಾರಜನಕಕ್ಕಿಂತ ಇದು ಜ್ವಾಲೆಯ ಶಾಖವನ್ನು ಹೆಚ್ಚು ಹೀರಿಕೊಳ್ಳುತ್ತದೆ, ಹಾಗಾಗಿ ಕಡಿಮೆ ಪ್ರಮಾಣದಲ್ಲೇ ಕೆಲಸ ಮುಗಿಸುತ್ತದೆ.

ಇದು ವಿದ್ಯುತ್ತನ್ನು ಹರಿಯಗೊಡುವುದಿಲ್ಲ, ಆರಿಸಿದ ಮೇಲೆ ಯಂತ್ರದ ಮೇಲೆ ಪುಡಿಯನ್ನಾಗಲಿ ತೇವವನ್ನಾಗಲಿ ಉಳಿಸುವುದಿಲ್ಲ. 1924ರಲ್ಲಿ ಅಮೆರಿಕದ ವಾಲ್ಟರ್ ಕಿಡ್ ಕಂಪನಿ ಇಂಥ ಸಿಲಿಂಡರನ್ನು ರೂಪಿಸಿದ್ದೇ ಬೆಲ್ ಟೆಲಿಫೋನಿನವರ ಬೇಡಿಕೆಗಾಗಿ. ಟೆಲಿಫೋನ್ ಸ್ವಿಚ್‌ಬೋರ್ಡುಗಳಿಗೆ ಹತ್ತುವ ಬೆಂಕಿಗೆ ನೀರು ಹಾಕುವಂತಿರಲಿಲ್ಲ.

ಆದರೆ ಹತ್ತಿಯ ಅಂಡಿಗೆ, ಕಾಗದದ ರಾಶಿ, ಮರದ ದಿಮ್ಮಿಗಳಲ್ಲಿ ಇದನ್ನು ನಂಬಿ ಕೂರುವಂತಿಲ್ಲ. ಮೇಲಿನ ಜ್ವಾಲೆ ಅಡಗುತ್ತದೆ, ಒಳಗಿನ ಕೆಂಡ ಬಿಸಿಯಾಗಿಯೇ ಇರುತ್ತದೆ. ಸಿಲಿಂಡರು ಅರ್ಧ ನಿಮಿಷದೊಳಗೆ ಬರಿದಾಗುತ್ತದೆ, ಅನಿಲ ಚದುರುತ್ತದೆ, ಆಮ್ಲಜನಕ ಮರಳಿದೊಡನೆ ಬೆಂಕಿ ಮತ್ತೆ ಏಳುತ್ತದೆ. ಅಲ್ಲಿ ನೀರೇ ಬೇಕು. ವಿದ್ಯುತ್ ಬೆಂಕಿಯಲ್ಲೂ ಮೊದಲು ಮೇನ್ ಸ್ವಿಚ್ ಆರಿಸದಿದ್ದರೆ ಇದೇ ಕಥೆ. ಉರಿಯುವ ಮೆಗ್ನೀಸಿಯಂ ಅಂತೂ ಇಂಗಾಲದ ಡೈಆಕ್ಸೈಡ್‌ನಿಂದಲೇ ಆಮ್ಲಜನಕವನ್ನು ಕಿತ್ತುಕೊಂಡು ಇನ್ನೂ ಉರಿಯುತ್ತದೆ. ಕೊನೆಗೆ ಉಳಿಯುವುದು ಬಿಳಿ ಬೂದಿ ಮತ್ತು ಕಪ್ಪು ಇಂಗಾಲ.

ಇದರ ಅಪಾಯವನ್ನು ನಾವು ತೀರಾ ಹಗುರವಾಗಿ ನೋಡುತ್ತೇವೆ ಎಂಬುದು ನನ್ನ ಆತಂಕ. 4.5 ಕಿಲೋ ಸಿಲಿಂಡರಿನಿಂದ ಸುಮಾರು ಎರಡೂವರೆ ಘನ ಮೀಟರ್ ಅನಿಲ ಹೊರಬರುತ್ತದೆ. ಉದ್ದಗಲ ಎರಡೆರಡು ಮೀಟರ್, ಎತ್ತರ ಎರಡೂವರೆ ಮೀಟರ್ ಇರುವ ಮುಚ್ಚಿದ ಯುಪಿಎಸ್ ಕೋಣೆಯ ಗಾತ್ರ ಹತ್ತು ಘನ ಮೀಟರ್. ಪೂರ್ತಿ ಬಿಟ್ಟರೆ ಅಲ್ಲಿನ ಗಾಳಿಯಲ್ಲಿ ಈ ಅನಿಲದ ಪಾಲು ಶೇ. 20 ದಾಟುತ್ತದೆ. ಕೋಣೆಯನ್ನೇ ತುಂಬಿ ಬೆಂಕಿ ನಂದಿಸಲು ಕನಿಷ್ಠ ಶೇ. 34 ಬೇಕು, ಮನುಷ್ಯನಿಗೆ ಶೇ. 10 ದಾಟಿದರೆ ಸ್ವಲ್ಪ ಹೊತ್ತಿಗೆಲ್ಲ ಪ್ರಜ್ಞೆ ತಪ್ಪುತ್ತದೆ. ಆಮ್ಲಜನಕದ ಕೊರತೆಯೊಂದೇ ಕಾರಣವಲ್ಲ, ಅನಿಲವೇ ರಕ್ತವನ್ನು ಆಮ್ಲೀಯಗೊಳಿಸುತ್ತದೆ. ಹಾಗಾಗಿ ಬಾಗಿಲನ್ನು ಬೆನ್ನ ಹಿಂದೆ ಇಟ್ಟುಕೊಂಡೇ ನಿಂತು ಬೆಂಕಿಯ ಬುಡಕ್ಕೆ ಹಾಯಿಸಿ, ಕೂಡಲೇ ಹೊರಬಂದು, ಗಾಳಿಯಾಡುವವರೆಗೆ ಯಾರನ್ನೂ ಒಳಗೆ ಬಿಡಬಾರದು. ನೆಲಮಾಳಿಗೆಯಾದರೆ ಇನ್ನೂ ಹೆಚ್ಚು ಹೊತ್ತು ಕಾಯಬೇಕು, ಭಾರದ ಅನಿಲ ಅಲ್ಲಿಂದ ತಾನಾಗಿ ಏರಿ ಬರುವುದಿಲ್ಲ. ಹಡಗುಗಳ ಇಂಜಿನ್ ಕೋಣೆಗೆ ಈ ಅನಿಲವನ್ನು ಬಿಡುವ ಮೊದಲು ಸೈರನ್ ಮೊಳಗಿಸಿ, ಒಳಗಿದ್ದವರೆಲ್ಲ ಹೊರಬಂದರೇ ಎಂದು ತಲೆ ಎಣಿಸುತ್ತಾರೆ.