ನಿಮಗಿದು ಗೊತ್ತೆ? ಉಪಗ್ರಹದ ಕಣ್ಣಿಗೆ ಕಾಫಿ ತೋಟವೂ ಕಾಡೇ!

ಹೋಂಸ್ಟೇ, ರೆಸಾರ್ಟುಗಳು ಹೆಚ್ಚಿದಂತೆ ಸಕಲೇಶಪುರ, ಆಲೂರಿನ ಬೆಟ್ಟಗಳಲ್ಲಿ ಎಷ್ಟು ಹಸಿರು ಕರಗಿತು? ಉಪಗ್ರಹ ಚಿತ್ರಗಳಿಂದ ಇದನ್ನು ಅಳೆಯಬಹುದು. ಆದರೆ ಇಲ್ಲೊಂದು ತೊಡಕಿದೆ. ಮಲೆನಾಡಿನ ಕಾಫಿ ಬೆಳೆಯುವುದು ಮರಗಳ ನೆರಳಿನಲ್ಲಿ. ಮೇಲಿನಿಂದ ಕಾಣುವುದು ಮರಗಳ ನೆತ್ತಿ ಮಾತ್ರ. ಹಾಗಾಗಿ ತೋಟವೂ ಕಾಡಿನ ಲೆಕ್ಕಕ್ಕೆ ಸೇರಿಬಿಡುವುದುಂಟು. ನಕ್ಷೆಯ ಹಸಿರು ನೋಡಿ ನೆಮ್ಮದಿಪಡುವ ಮುನ್ನ ಸ್ಥಳಕ್ಕೆ ಹೋಗಿ ಪರಿಶೀಲಿಸಲೇಬೇಕು.

ಆರೋಗ್ಯವಂತ ಎಲೆಗಳು ನಮ್ಮ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಹೇರಳವಾಗಿ ಪ್ರತಿಫಲಿಸುತ್ತವೆ. ಜೆಸಿಬಿಯಿಂದ ಗುಡ್ಡ ಬಗೆದಲ್ಲಿ ಆ ಪ್ರತಿಫಲನ ತಟ್ಟನೆ ಕುಸಿಯುತ್ತದೆ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರದಲ್ಲಿ ಒಂದು ಚುಕ್ಕೆಯೆಂದರೆ 10 ಮೀಟರ್ ಉದ್ದಗಲದ ನೆಲ. ಸಣ್ಣ ಕಾಟೇಜು ಅದರಲ್ಲಿ ಸ್ಪಷ್ಟವಾಗಿ ಕಾಣದಿರಬಹುದು. ಆದರೆ ಅದಕ್ಕಾಗಿ ಕಡಿದ ರಸ್ತೆ, ಸಮತಟ್ಟು ಮಾಡಿದ ಇಳಿಜಾರು ಅಡಗಲಾರವು.

ಮುಂಗಾರಿನಲ್ಲಿ ತಿಂಗಳುಗಟ್ಟಲೆ ಮೋಡ ಕವಿದಿರುವಾಗ ಮಾಮೂಲಿ ಕ್ಯಾಮೆರಾ ನಿರುಪಯೋಗಿ. ಭೂಕುಸಿತದ ಭಯವಿರುವುದೂ ಆಗಲೇ. ಮೋಡವನ್ನು ಭೇದಿಸಿ ನೋಡುವ ರಾಡಾರ್ ಆಗ ಬೇಕು. ಇಸ್ರೋ ಮತ್ತು ನಾಸಾ ಜಂಟಿಯಾಗಿ ನಿರ್ಮಿಸಿದ ರಾಡಾರ್ ಉಪಗ್ರಹ ನಿಸಾರ್ 2025ರ ಜುಲೈ 30ರಂದು ಕಕ್ಷೆ ಸೇರಿದೆ.

ಅಮೆರಿಕದ ಲ್ಯಾಂಡ್‌ಸ್ಯಾಟ್ ಸರಣಿ 1972ರಿಂದ ಭೂಮಿಯನ್ನು ಚಿತ್ರಿಸುತ್ತಿದೆ. 2008ರಿಂದ ಅದರ ಸಂಗ್ರಹ ಎಲ್ಲರಿಗೂ ಉಚಿತ. ಇಸ್ರೋದ ಭುವನ್ ಜಾಲತಾಣದಲ್ಲೂ ಭೂಬಳಕೆಯ ನಕ್ಷೆಗಳಿವೆ. ಸಕಲೇಶಪುರದ ಬಳಿ ಎಂಟು ಮೂಲೆಯ ನಕ್ಷತ್ರದಂತಿರುವ ಮಂಜರಾಬಾದ್ ಕೋಟೆಯನ್ನು ಮೊದಲು ಹುಡುಕಿ, ಅಲ್ಲಿಂದ ನಿಮ್ಮೂರಿನ ಗುಡ್ಡಕ್ಕೆ ಸರಿಯಿರಿ. ಹಳೆಯ, ಹೊಸ ಚಿತ್ರಗಳನ್ನು ಹೋಲಿಸಿ, ಕಂಡದ್ದನ್ನು ಗ್ರಾಮಸಭೆಯ ಮುಂದಿಡಿ.